ಕತ್ತರಿ ಕೆಳಗಿಡಿ: ಕಪ್ಪು ಪೈನ್ ಬೊನ್ಸಾಯ್‌ನ ಚಳಿಗಾಲದ ಕೈಪಿಡಿ

ಈ ಕೈಪಿಡಿ ಏಕೆ

ಜಪಾನಿನಲ್ಲಿ ಅನ್ನದ ಕುಕ್ಕರ್ ಕೊಂಡರೆ ಅದರ ಜೊತೆಗೆ ಒಂಟಿಕೊಪ್ಪಲ್ ಪಂಚಾಂಗದಷ್ಟು ದಪ್ಪದ ಕೈಪಿಡಿ ಬರುತ್ತದೆ. ಆವಿ ಬರುವ ಕಡೆ ಮುಖ ಇಡಬಾರದು ಎಂಬುದಕ್ಕೆ ಒಂದು ಚಿತ್ರ, ಇಟ್ಟವನ ಗತಿ ಏನಾಯಿತು ಎಂಬುದಕ್ಕೆ ಇನ್ನೊಂದು ಚಿತ್ರ. ಎಪ್ಪತ್ತು ವರ್ಷದ ಮರದ ಜೊತೆ ಮಾತ್ರ ಒಂದು ಚೀಟಿಯೂ ಬರುವುದಿಲ್ಲ. ಸಾಯಿತಾಮಾ ಪ್ರಾಂತದ ಒಮಿಯಾದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಮಗಳ ಅಪಾರ್ಟ್‌ಮೆಂಟಿಗೆ ಹೊರಟ ದಿನ ಈ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ನಮ್ಮ ಮೆಟ್ಟಿಲ ಮೇಲಿಟ್ಟು, ಸೊಂಟ ಬಾಗಿಸಿ, "ಚಳಿಗಾಲದಲ್ಲಿ ಸ್ವಲ್ಪ ನೋಡಿಕೊಳ್ಳಿ" ಎಂದರು. ಅಷ್ಟೇ. ಆ 'ಸ್ವಲ್ಪ'ದ ಅರ್ಥ ತಿಳಿಯಲು ನನಗೆ ಆರು ಚಳಿಗಾಲ ಬೇಕಾಯಿತು.

ಈ ಮಾರ್ಚಿನಲ್ಲಿ ನಾನು ಬೆಂಗಳೂರಿಗೆ ವಾಪಸ್ಸು. ಮರ ಬರುವುದಿಲ್ಲ. ಕಪ್ಪು ಪೈನ್ ವರ್ಷಕ್ಕೊಮ್ಮೆ ಚಳಿಯಲ್ಲಿ ನಿದ್ದೆ ಮಾಡಬೇಕು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಮಧ್ಯಾಹ್ನದ ಜೊಂಪಿಗೂ ಸಾಲದು. ಅಲ್ಲಿ ಬೊನ್ಸಾಯ್ ಮಾಡುವವರು ಆಲ, ಅತ್ತಿ, ಹುಣಸೆಯನ್ನು ಹಿಡಿದು ಕೂತಿದ್ದಾರೆ, ಅದೇ ಸರಿ. ಹಾಗಾಗಿ ಈ ಮರ ನಿಮಗೆ: ಆಫೀಸಿನಲ್ಲಿ ನನಗಿಂತ ಹನ್ನೆರಡು ವರ್ಷ ಕಿರಿಯರಾದ, ಹುಬ್ಬಳ್ಳಿಯಿಂದ ಬಂದ, ವಿಷಯ ಹೇಳಿದ ಕೂಡಲೇ "ಗಿಡಕ್ಕ ನೀರ್ ಹಾಕೂದಲ್ರೀ ಸರ, ಮತ್ತೇನೈತಿ ಅದರಾಗ?" ಎಂದು ಕೇಳಿದ ನಿಮಗೆ. ಅದರಲ್ಲಿ ಮತ್ತೇನಿದೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಪೂರ್ತಿ ಓದುವವರೆಗೆ ಕತ್ತರಿ ಮುಟ್ಟಬೇಡಿ. ಈಗಾಗಲೇ ಕೈಯಲ್ಲಿದ್ದರೆ ಕೆಳಗಿಡಿ.

ಏನೇನು ಕೊಡುತ್ತಿದ್ದೇನೆ

ಮರ, ಒಂದು. ಜಪಾನಿನವರು ಕುರೊಮಾತ್ಸು ಎನ್ನುತ್ತಾರೆ. ಎತ್ತರ 48 ಸೆಂಟಿಮೀಟರ್. ಕಾಂಡ ಎರಡು ಕಡೆ ಬಳುಕಿ ಮೇಲೆ ಹೋಗುತ್ತದೆ. ಈ ಶೈಲಿಗೆ ಮೊಯೊಗಿ ಎಂದು ಹೆಸರು. ಹುಟ್ಟಿದ್ದು ಶಿಕೊಕು ದ್ವೀಪದ ತಕಮಾತ್ಸು ಊರಿನ ಕಿನಾಶಿಯ ಹೊಲದಲ್ಲಂತೆ. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಜಪಾನಿನ ಪೈನ್ ಬೊನ್ಸಾಯ್‌ಗಳಲ್ಲಿ ಸುಮಾರು ಶೇಕಡಾ 80ರಷ್ಟು ಆ ಊರಿನ ಸುತ್ತಮುತ್ತಲಿನವೇ. ನಮ್ಮಲ್ಲಿ ಹೊಗೆಸೊಪ್ಪು ಹಾಕಿದ ಹಾಗೆ ಅಲ್ಲಿ ಸಾಲುಸಾಲಾಗಿ ಪೈನ್ ಹಾಕಿರುತ್ತಾರೆ.

ವಿಡಿಯೊ ಕಾಲ್‌ನಲ್ಲಿ ಮರ ಕಂಡವರೆಲ್ಲ "ಸರ್ವೆ ಮರ ಅಲ್ವೇನೋ ಅದು?" ಎನ್ನುತ್ತಾರೆ. ಅಲ್ಲ. ಸರ್ವೆಯ 'ಸೂಜಿ'ಯನ್ನು ಎಳೆದರೆ ಅದು ಗೆಣ್ಣು ಗೆಣ್ಣಾಗಿ ಕಳಚಿಕೊಳ್ಳುತ್ತದೆ. ಅದು ಎಲೆಯೇ ಅಲ್ಲ, ಕಡ್ಡಿ. ಪೈನಿನ ಸೂಜಿ ನಿಜವಾದ ಎಲೆ. ಕಪ್ಪು ಪೈನಿನಲ್ಲಿ ಎರಡೆರಡು ಸೂಜಿ ಬುಡದಲ್ಲಿ ಜೊತೆಯಾಗಿರುತ್ತವೆ, ಗೊಯೊಮಾತ್ಸು ಎಂಬ ಬಿಳಿ ಪೈನಿನಲ್ಲಿ ಐದೈದು. ಕೆಂಪು ಪೈನಿನಲ್ಲೂ ಎರಡೇ, ಆದರೆ ಅದರ ಮೊಗ್ಗು ಕೆಂಪು, ನಮ್ಮದರದ್ದು ಬಿಳಿ. ನಮ್ಮಮ್ಮ ಈ ಸಸ್ಯಶಾಸ್ತ್ರವನ್ನೆಲ್ಲ ಕೇಳಿಸಿಕೊಂಡು, "ಕುಳ್ಳ ಮರ ಮನೆಯೊಳಗಿದ್ರೆ ಏಳಿಗೆ ಆಗಲ್ಲ ಕಣೋ" ಎಂದರು. ಮನೆಯೊಳಗಿಡಲೇಬಾರದು ಅಮ್ಮ, ಒಳಗಿಟ್ಟರೆ ಪೈನ್ ಸತ್ತೇ ಹೋಗುತ್ತದೆ, ಅದಕ್ಕೆ ಬಿಸಿಲು, ಗಾಳಿ, ಚಳಿ ಮೂರೂ ಬೇಕು ಎಂದೆ. ವಾಸ್ತುವೂ ವಿಜ್ಞಾನವೂ ಒಪ್ಪಿಕೊಂಡ ವಿಷಯ ನನಗೆ ಗೊತ್ತಿರುವಂತೆ ಇದೊಂದೇ.

ಕುಂಡ, ಒಂದು. ತೊಕೊನಾಮೆಯಲ್ಲಿ ಸುಟ್ಟದ್ದು, ಹೊಳಪಿಲ್ಲದ ಕಂದು ಬಣ್ಣ, ದುಂಡಗಿದೆ. ಮೂರು ಕಾಲು. ಈ ಕಾಲುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಲಕರಣೆ: ಚಿಮುಟ, ಸಣ್ಣ ಕತ್ತರಿ, ಕೊಂಬೆಯನ್ನು ಹಳ್ಳ ಬೀಳುವಂತೆ ಕಚ್ಚಿ ತೆಗೆಯುವ ಮಾತಾಕಿರಿ ಎಂಬ ಇಕ್ಕಳ, ತಂತಿ ಕತ್ತರಿಸುವ ಇಕ್ಕಳ, ತಾಮ್ರದ ತಂತಿಯ ಸುರುಳಿಗಳು, ರಫಿಯಾ ನಾರು, ಗಾಯಕ್ಕೆ ಹಚ್ಚುವ ಲೇಪ, ತಿರುಗುಮಣೆ. ಕೊನೆಗೆ ಕೊಬ್ಬರಿ ಎಣ್ಣೆಯ ಸೀಸೆ. ಇದು ಜಪಾನಿನ ಯಾವ ಪಟ್ಟಿಯಲ್ಲೂ ಇಲ್ಲ. ಮೊದಲ ಚಳಿಗಾಲ ಪೈನಿನ ಅಂಟು ಬೆರಳಿಗೆ ಹತ್ತಿ, ಬೆರಳಿನಿಂದ ಫೋನಿಗೆ, ಫೋನಿನಿಂದ ಕೆನ್ನೆಗೆ ಹತ್ತಿ ಸಾಬೂನಿಗೆ ಜಗ್ಗದೆ ಕೂತಾಗ ನನ್ನ ಹೆಂಡತಿ, "ಹಲಸಿನ ಹಣ್ಣಿನ ಮೇಣಕ್ಕೆ ಏನು ಮಾಡ್ತಾರೆ ಅಷ್ಟೂ ಗೊತ್ತಿಲ್ವಾ?" ಎಂದು ಎಣ್ಣೆ ತಂದಿಟ್ಟಳು. ಎರಡು ನಿಮಿಷದಲ್ಲಿ ಹೋಯಿತು.

ಸ್ಥಳ

ನೀವು ಬಾಡಿಗೆ ಮನೆ ಹುಡುಕುವಾಗ ಒಮಿಯಾ ಕಡೆಗೇ ಬನ್ನಿ ಎಂದು ನಾನು ಹೇಳಿದ್ದು ನನ್ನ ಸ್ವಾರ್ಥಕ್ಕಲ್ಲ, ಮರದ ಸ್ವಾರ್ಥಕ್ಕೆ. 1923ರ ಮಹಾಭೂಕಂಪದಲ್ಲಿ ಟೋಕಿಯೊ ನೆಲಸಮವಾದ ಮೇಲೆ ಅಲ್ಲಿನ ಬೊನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಗಾಳಿ, ಜಾಗ ಹುಡುಕಿಕೊಂಡು ಇಲ್ಲಿಗೆ ಬಂದರು. 1925ರಲ್ಲಿ ಬೊನ್ಸಾಯ್ ಗ್ರಾಮ ಹುಟ್ಟಿತು. ಅವರ ಅಂದಿನ ಕಟ್ಟುಪಾಡು ಕೇಳಿ: ಇಲ್ಲಿ ವಾಸಿಸುವವರ ಬಳಿ ಕನಿಷ್ಠ ಹತ್ತು ಕುಂಡವಾದರೂ ಇರಬೇಕು, ಗೇಟು ಎಲ್ಲರಿಗೂ ತೆರೆದಿರಬೇಕು, ಕಾಂಪೌಂಡ್ ಗೋಡೆಯ ಬದಲು ಹಸಿರು ಬೇಲಿ, ಎರಡಂತಸ್ತಿನ ಮನೆ ಕಟ್ಟುವ ಹಾಗಿರಲಿಲ್ಲ. ಅಕ್ಕಪಕ್ಕದವರ ಮರದ ಮೇಲೆ ನೆರಳು ಬೀಳಬಾರದಲ್ಲ. ಬೆಂಗಳೂರಿನ 30-40 ಸೈಟಿನಲ್ಲಿ ನಾಲ್ಕಂತಸ್ತು ಎಬ್ಬಿಸಿ ಎದುರು ಮನೆಯವರ ಸಂಡಿಗೆಯ ಬಿಸಿಲು ಕದಿಯುವ ನಮಗೆ ಇದು ಕಥೆಯಂತೆ ಕೇಳಿಸುತ್ತದೆ. ತೋಟಗಳು ಈಗ ಬೆರಳೆಣಿಕೆಯಷ್ಟು ಉಳಿದಿವೆ. 2010ರಿಂದ ಒಂದು ಬೊನ್ಸಾಯ್ ಮ್ಯೂಸಿಯಂ ಇದೆ. ಮರ ಕಾಯಿಲೆ ಬಿದ್ದರೆ ಸೈಕಲ್ಲಿನ ದೂರದಲ್ಲಿ ವೈದ್ಯರಿದ್ದಾರೆ ಎಂಬುದು ಮುಖ್ಯ.

ಹಂತ 1: ಕೂರುವುದು

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಯಾವುದಾದರೂ ಬಿಸಿಲಿನ ಭಾನುವಾರ. ಮರವನ್ನು ತಿರುಗುಮಣೆಯ ಮೇಲಿಡಿ. ಕಾಂಡದ ನಡುಮಟ್ಟಕ್ಕೆ ಕಣ್ಣು ಬರುವಷ್ಟು ತಗ್ಗಿ ಕೂತುಕೊಳ್ಳಿ. ನಿಂತು ನೋಡಿದರೆ ಕಾಣುವುದು ಕಾಗೆಗೆ ಕಾಣುವ ಮರ.

ಬೊನ್ಸಾಯ್‌ಗೆ ಮುಖವಿದೆ. ಬುಡ ಅಗಲವಾಗಿ ನೆಲ ಹಿಡಿದಂತೆ ಕಾಣುವ, ಕಾಂಡದ ಬಳುಕು ತೋರುವ, ಯಾವ ಕೊಂಬೆಯೂ ನೇರವಾಗಿ ಕಣ್ಣಿಗೆ ತಿವಿಯಲು ಬರದ ದಿಕ್ಕು ಮುಖ. ತುದಿ ತುಸು ನಿಮ್ಮತ್ತ ಬಾಗಿರುತ್ತದೆ. ಅದು ಓರೆಯಾಗಿದೆ ಎಂದು ತಿಳಿದು ನೆಟ್ಟಗೆ ಮಾಡಲು ಹೋಗಬೇಡಿ, ಅದು ನಮಸ್ಕಾರ. ಮೂರು ಕಾಲಿನ ಕುಂಡದಲ್ಲಿ ಒಂದು ಕಾಲು ಮುಖದ ಕಡೆಗೆ ಬರಬೇಕೆಂಬುದು ಪದ್ಧತಿ.

ಇನ್ನು ಮರವನ್ನು ನಿಧಾನಕ್ಕೆ ತಿರುಗಿಸಿ. ಪುಸ್ತಕಗಳಲ್ಲಿ ಇಮಿಯೆದಾ ಎಂಬ ಅಪಶಕುನದ ಕೊಂಬೆಗಳ ಪಟ್ಟಿಯಿದೆ. ಕಾಂಡದ ಎರಡೂ ಕಡೆ ಒಂದೇ ಎತ್ತರದಲ್ಲಿ ಎದುರುಬದುರು ಚಾಚಿದ್ದು ಕನ್ನುಕಿ, ಅಂದರೆ ಬಾಗಿಲಿನ ಅಗುಳಿ. ಒಂದೇ ಜಾಗದಿಂದ ಸುತ್ತಲೂ ಹೊರಟಿದ್ದು ಕುರುಮಾ, ಗಾಡಿಯ ಚಕ್ರ. ಕವೆಯಂತೆ ಅಗಲಿಸಿ ನಿಂತದ್ದು ಕಾಯೆರುಮಾತಾ, ಕಪ್ಪೆಯ ತೊಡೆಸಂದು. ಬಳುಕಿನ ಒಳಮೈಯಲ್ಲಿ ಹುಟ್ಟಿದ್ದು ಹರಾಯೆದಾ, ಹೊಟ್ಟೆಯ ಕೊಂಬೆ. ಈ ಪಟ್ಟಿಯನ್ನು ಒಮ್ಮೆ ಓದಿದವನಿಗೆ ಲೋಕದಲ್ಲಿ ಒಳ್ಳೆಯ ಕೊಂಬೆಯೇ ಕಾಣುವುದಿಲ್ಲ. ಜಾತಕ ಕಲಿತ ಹೊಸದರಲ್ಲಿ ಎಲ್ಲರಿಗೂ ಕುಜದೋಷ ಕಾಣುವ ಹಾಗೆ. ಮೊದಲ ಭಾನುವಾರ ಪಟ್ಟಿ ಮುಚ್ಚಿಡಿ, ಚಹಾ ಕುಡಿಯಿರಿ, ನೋಡಿ, ಎದ್ದು ಹೋಗಿ. ಅಲ್ಲಿಗೆ ಆ ದಿನದ ಕೆಲಸ ಮುಗಿಯಿತು.

ಹೀಗೆ ನೋಡುವುದನ್ನು ಕಲಿಯಬೇಕೆಂದಿದ್ದರೆ ಫೆಬ್ರವರಿಯಲ್ಲಿ ಉಎನೊಗೆ ಹೋಗಿ. ಅಲ್ಲಿನ ಟೋಕಿಯೊ ಮಹಾನಗರ ಕಲಾ ಮ್ಯೂಸಿಯಂನಲ್ಲಿ 1934ರಲ್ಲಿ ಶುರುವಾದ ಕೊಕುಫು ಪ್ರದರ್ಶನ ನಡೆಯುತ್ತದೆ. ಕೋಟು ತೊಟ್ಟ ವೃದ್ಧರು ಮರದ ಮುಂದೆ ಮಂಡಿ ಬಗ್ಗಿಸಿ ಹತ್ತು ನಿಮಿಷ ಹಾಗೇ ಇರುತ್ತಾರೆ. ಅವರ ಮಂಡಿಯ ಬಗ್ಗೆಯೂ ಗೌರವ ಹುಟ್ಟುತ್ತದೆ.

ಹಂತ 2: ಮೊಮಿಯಾಗೆ

ಚಳಿಗಾಲದ ಅಸಲಿ ಕೆಲಸ ಇದು. ಹಳೆಯ ಸೂಜಿಗಳನ್ನು ಕೀಳುವುದಕ್ಕೆ ಮೊಮಿಯಾಗೆ ಎನ್ನುತ್ತಾರೆ. ನೆನಪಿರಲಿ, ಕ್ಷೌರದಂಗಡಿಯಲ್ಲಿ ಇದೇ ಪದಕ್ಕೆ ಕಿವಿಯ ಪಕ್ಕದ ಕೆನ್ನೆಗೂದಲು ಎಂದರ್ಥ. ನಾನು ಒಮ್ಮೆ ಕ್ಷೌರಿಕನ ಕುರ್ಚಿಯಲ್ಲಿ ಕೂತು ಮೊಮಿಯಾಗೆ ಎಷ್ಟು ಚೆನ್ನಾಗಿ ಮಾಡುತ್ತೇನೆಂದು ಹೇಳಿಕೊಂಡಾಗ ಆತ ಕತ್ತರಿ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕೊಂಬೆಯ ತುದಿಯಲ್ಲಿರುವುದು ಈ ವರ್ಷದ ಸೂಜಿ, ಅದರ ಹಿಂದೆ ಕೆಳಗೆ ಇರುವುದು ಹೋದ ವರ್ಷದ್ದು. ಹೋದ ವರ್ಷದ್ದು ಹೋಗಬೇಕು. ಒಂದು ಕೈಯಲ್ಲಿ ಕಡ್ಡಿಯನ್ನು ಹಿಡಿದು, ಇನ್ನೊಂದು ಕೈಯ ಚಿಮುಟದಲ್ಲಿ ಒಂದೊಂದೇ ಜೋಡಿಯನ್ನು ಅದು ಬೆಳೆದ ದಿಕ್ಕಿಗೇ, ಅಂದರೆ ತುದಿಯ ಕಡೆಗೆ ಎಳೆಯಿರಿ. ಹಿಂದಕ್ಕೆ ಎಳೆದರೆ ತೊಗಟೆಯೂ ಸುಲಿದು ಬರುತ್ತದೆ. ಸೂಜಿಯನ್ನು ಅರ್ಧಕ್ಕೆ ಕತ್ತರಿಸುವುದು ಬೇಡ, ಕತ್ತರಿಸಿದ ತುದಿ ಕಂದಾಗಿ ಮರ ಸುಟ್ಟುಕೊಂಡ ಹಾಗೆ ಕಾಣುತ್ತದೆ. ಸಬ್ಬಸಿಗೆ ಸೊಪ್ಪು ಸೋಸಿದವರಿಗೆ, ಅದಕ್ಕಿಂತ ಹೆಚ್ಚಾಗಿ ಮಕ್ಕಳ ತಲೆಯಲ್ಲಿ ಹೇನು ಹೆಕ್ಕಿದವರಿಗೆ ಈ ಕೆಲಸ ಹೇಳಿಕೊಡಬೇಕಾಗಿಲ್ಲ. ಅದೇ ಬಿಸಿಲು, ಅದೇ ಕೂರುವ ಭಂಗಿ, ಅದೇ ಮುಗಿಯದಿರುವಿಕೆ. ನನಗೆ ಮೂರು ಭಾನುವಾರ ಹಿಡಿಯುತ್ತದೆ.

ಹಳೆಯ ಸೂಜಿ ಕಿತ್ತ ಮೇಲೂ ಲೆಕ್ಕ ಉಳಿದಿರುತ್ತದೆ. ಅಜ್ಜನಿಗೆ ಕಿವಿ ಮಂದ, ಫೋನ್ ಬಳಸುವುದಿಲ್ಲ. ಜನವರಿಯ ಶುಭಾಶಯದ ಕಾರ್ಡಿನಲ್ಲಿ ನಾನು ಒಂದು ಪ್ರಶ್ನೆ ಬರೆದು ಕಳಿಸಿದರೆ ಒಂದು ಸಾಲಿನ ಉತ್ತರ ಬರುತ್ತದೆ. ವರ್ಷಕ್ಕೆ ಒಂದು ಪ್ರಶ್ನೆ, ಒಂದು ಉತ್ತರ. ಎರಡನೆಯ ವರ್ಷದ ಉತ್ತರ: ಮೇಲೆ ಐದು ಜೋಡಿ, ನಡುವೆ ಏಳೆಂಟು, ಕೆಳಗೆ ಹತ್ತಕ್ಕಿಂತ ಹೆಚ್ಚು. ಅಂದರೆ ಪ್ರತಿ ಚಿಗುರಿನಲ್ಲಿ ಉಳಿಸಬೇಕಾದ ಸೂಜಿಗಳು. ಕಾರಣ ಬರೆದಿರಲಿಲ್ಲ, ಅದನ್ನು ನಾನೇ ಓದಿಕೊಂಡೆ. ಪೈನಿನ ತಲೆ ಬಲು ಜೋರು. ತುದಿಮೊಗ್ಗು ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಕ್ಕೆ ಇಳಿಬಿಟ್ಟು ಉಳಿದ ಮೊಗ್ಗುಗಳನ್ನು ಅದುಮಿಡುತ್ತದೆ, ಬಿಸಿಲನ್ನೂ ತಾನೇ ಮೊದಲು ಉಣ್ಣುತ್ತದೆ. ಒಟ್ಟು ಕುಟುಂಬದಲ್ಲಿ ಹೊಲ, ಮನೆ, ಬ್ಯಾಂಕಿನ ಪಾಸ್‌ಬುಕ್ ಎಲ್ಲ ತನ್ನ ಕಪಾಟಿನಲ್ಲೇ ಇಟ್ಟುಕೊಳ್ಳುವ ದೊಡ್ಡಣ್ಣನ ಹಾಗೆ. ಸೂಜಿಯೇ ಮರದ ಅಡುಗೆಮನೆ. ಮೇಲಿನವರ ಒಲೆಗಳನ್ನು ಕಡಿಮೆ ಮಾಡಿ ಕೆಳಗಿನವರವನ್ನು ಉಳಿಸಿದರೆ ಎರಡು ಮೂರು ವರ್ಷದಲ್ಲಿ ಮನೆ ಒಂದು ಸಮಕ್ಕೆ ಬರುತ್ತದೆ. ಜೊತೆಗೆ ಬೆಳಕು ಒಳಗೆ ಇಳಿದು, ಕೊಂಬೆಯ ಒಳಭಾಗದಲ್ಲಿ ಹೊಸ ಮೊಗ್ಗು ಏಳುವ ಆಸೆಯೂ ಉಂಟು.

ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ದಣಿದ ಕಣ್ಣಿಗೆ ಮೊಗ್ಗೂ ಹಳೆ ಸೂಜಿಯಂತೆ ಕಾಣುತ್ತದೆ, ಚಿಮುಟಕ್ಕಂತೂ ವ್ಯತ್ಯಾಸ ಗೊತ್ತೇ ಇರುವುದಿಲ್ಲ.

ಹಂತ 3: ಮೊಗ್ಗು

ತುದಿಗಳಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಐದು ಮೊಗ್ಗು ಗುಂಪಾಗಿರುತ್ತವೆ. ಎರಡು ಉಳಿಸಿ, ಇಂಗ್ಲಿಷಿನ ವಿ ಅಕ್ಷರದಂತೆ ಪಕ್ಕಕ್ಕೆ ತೆರೆದವನ್ನು. ಎಲ್ಲ ಬಿಟ್ಟರೆ ಆ ಜಾಗ ಗಂಟು ಕಟ್ಟಿ ಊದಿಕೊಳ್ಳುತ್ತದೆ. ಬೇಸಿಗೆಯಲ್ಲಿ ಚಿಗುರನ್ನೇ ಬುಡದಿಂದ ಕತ್ತರಿಸಿ ಎರಡನೆಯ ಬಾರಿ ಚಿಕ್ಕ ಸೂಜಿ ಬರಿಸುವ ಮೆಕಿರಿ ಎಂಬ ಇನ್ನೊಂದು ವಿದ್ಯೆಯಿದೆ. ಅದು ಈ ಕೈಪಿಡಿಯಲ್ಲಿ ಇಲ್ಲ. ಜೂನ್ ಕೊನೆಯಲ್ಲಿ ಫೋನ್ ಮಾಡಿ.

ಹಂತ 4: ಕೊಂಬೆ ಕತ್ತರಿಸುವುದು

ಬೇಡ.

ಈ ಹಂತವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ, ಆದರೆ ನೀವು ಕೇಳುವವರಲ್ಲ, ನಾನೂ ಕೇಳಿರಲಿಲ್ಲ. ಮಾವು, ಬೇವು, ದಾಸವಾಳ ನೋಡಿ ಬೆಳೆದ ನಮಗೆ ಒಂದು ತಪ್ಪು ನಂಬಿಕೆಯಿದೆ: ಎಲ್ಲಿ ಕಡಿದರೂ ಚಿಗುರುತ್ತದೆ. ನಮ್ಮ ಊರಿನ ನುಗ್ಗೆ ಮರವನ್ನು ಮಂಡಿಮಟ್ಟಕ್ಕೆ ಕಡಿದರೂ ಮುಂದಿನ ಯುಗಾದಿಗೆ ಸಾರಿಗೆ ಕಾಯಿ ಕೊಡುತ್ತದೆ. ಪೈನ್ ಹಾಗಲ್ಲ. ಸೂಜಿ ಇರುವ ಜಾಗದವರೆಗೆ ಕತ್ತರಿಸಿದರೆ ಮೊಗ್ಗು ಬಂದೀತು. ಸೂಜಿ ದಾಟಿ ಬೋಳು ಕಟ್ಟಿಗೆಗೆ ಕತ್ತರಿಸಿದರೆ ಆ ಕೊಂಬೆ ಮುಗಿಯಿತು. ಕ್ಷಮಾಪಣೆ, ಗೊಬ್ಬರ, ಹರಕೆ ಯಾವುದೂ ನಡೆಯುವುದಿಲ್ಲ.

ಮೊದಲ ಚಳಿಗಾಲ ನಾನು ಗೋಡೆ ಪಕ್ಕದ ಸ್ಟೂಲಿನ ಮೇಲೆ ಓರೆಯಾಗಿ ಕೂತಿದ್ದೆ. ಬಲಗಡೆ ಒಂದು ಕೊಂಬೆ, ಎಡಗಡೆ ಒಂದು ಕೊಂಬೆ, ಒಂದೇ ಎತ್ತರ. ಅಗುಳಿ! ಪುಸ್ತಕದಲ್ಲಿದ್ದದ್ದೇ ಮರದಲ್ಲಿ ಸಿಕ್ಕಿತೆಂಬ ಖುಷಿಗೆ ಮಾತಾಕಿರಿ ಹಿಡಿದು ಎಡಗಡೆಯದನ್ನು ಕಚಕ್ಕೆಂದು ತೆಗೆದುಬಿಟ್ಟೆ. ಆಮೇಲೆ ಎದುರಿಗೆ ಬಂದು ನೋಡಿದರೆ ಬಲಗಡೆಯದು ಎರಡು ಬೆರಳು ಮೇಲೆ, ಅದೂ ಹಿಂಬದಿಯಿಂದ ಹೊರಟಿತ್ತು. ಅಗುಳಿಯೂ ಇಲ್ಲ, ಬಾಗಿಲೂ ಇಲ್ಲ. ಮರದ ಮುಖದಲ್ಲಿ ಮುಂದಿನ ಹಲ್ಲು ಬಿದ್ದ ಹಾಗೆ ಒಂದು ಕಿಂಡಿ. ಕೊಂಬೆ ಅಂಗೈಯಲ್ಲಿತ್ತು, ಇನ್ನೂ ಹಸಿರಾಗಿ, ಏನೂ ಆಗಿಲ್ಲವೆಂಬಂತೆ. ಅಜ್ಜ ಅದನ್ನು ಎಷ್ಟು ವರ್ಷ ಬೆಳೆಸಿದ್ದರೋ ಎಂದು ಕತ್ತರಿಸಿದ ಜಾಗದಲ್ಲಿ ಉಂಗುರ ಎಣಿಸಲು ಹೋದೆ. ಇಪ್ಪತ್ತಾರರ ಹೊತ್ತಿಗೆ ಎಣಿಸುವುದನ್ನು ಬಿಟ್ಟೆ.

ಗಾಯಕ್ಕೆ ಲೇಪ ಹಚ್ಚಿದೆ. ನನ್ನ ಗಾಯಕ್ಕೆ ಉಪಾಯ ಬೇಕಿತ್ತು. ದುಂಡು ಕುಂಡದ ದೊಡ್ಡ ಅನುಕೂಲವೆಂದರೆ ಅದನ್ನು ತಿರುಗಿಸಬಹುದು. ಒಂದು ಕಾಲಿನಷ್ಟು ತಿರುಗಿಸಿದೆ. ಕಿಂಡಿ ಹಿಂದಕ್ಕೆ ಹೋಯಿತು, ಹೊಸ ದಿಕ್ಕಿನಲ್ಲಿ ಕಾಂಡದ ಬಳುಕು ಕಡಿಮೆಯಾದರೂ ಬುಡ ಚೆನ್ನಾಗಿಯೇ ಕಾಣುತ್ತಿತ್ತು. ಆ ಜನವರಿಯ ಕಾರ್ಡಿನಲ್ಲಿ ಪ್ರಶ್ನೆ ಬರೆಯಲಿಲ್ಲ, ಈ ಹೊಸ ದಿಕ್ಕಿನಿಂದ ತೆಗೆದ ಫೋಟೊ ಅಂಟಿಸಿ, ಮರ ಆರೋಗ್ಯವಾಗಿದೆ ಎಂದು ಬರೆದೆ. ಸುಳ್ಳೇನಲ್ಲ.

ಆದ್ದರಿಂದ ಹಂತ 4 ನಿಮಗೆ ಅನಿವಾರ್ಯವೆಂದು ಅನ್ನಿಸಿದ ದಿನ, ಆ ಕೊಂಬೆಗೆ ಒಂದು ಕೆಂಪು ದಾರ ಕಟ್ಟಿ. ಒಂದು ವಾರ ಬಿಡಿ. ಆಮೇಲೂ ಆ ಕೊಂಬೆ ಬೇಡವೆನಿಸಿದರೆ ಒಂದು ಹೆಬ್ಬೆರಳಿನಷ್ಟು ಮೊಂಡು ಉಳಿಸಿ ಕತ್ತರಿಸಿ, ಆ ಮೊಂಡಿನ ತೊಗಟೆ ಸುಲಿದರೆ ಒಣಗಿ ಬೆಳ್ಳಗಾಗುತ್ತದೆ. ಅದಕ್ಕೆ ಜಿನ್ ಎಂದು ಗೌರವದ ಹೆಸರಿದೆ. ಸಿಡಿಲು, ಹಿಮ, ಬಿರುಗಾಳಿ ಕಂಡ ಮರವೆಂದು ನೋಡಿದವರು ತಲೆದೂಗುತ್ತಾರೆ. ಈ ಸಾಯಿತಾಮಾ ಪ್ರಾಂತದವರೇ ಆದ ಮಸಾಹಿಕೊ ಕಿಮುರಾ ಎಂಬ ಮಾಂತ್ರಿಕರು ಯಂತ್ರದ ಉಳಿಗಳಿಂದ ಒಣ ಕಾಂಡವನ್ನು ಅಲೆಗಳಂತೆ ಕೆತ್ತಿ ಜಗತ್ಪ್ರಸಿದ್ಧರಾದರು. ಅವರ ವಿಡಿಯೊ ನೋಡಿ. ನೋಡಿದ ರಾತ್ರಿ ಮರದ ಹತ್ತಿರ ಹೋಗಬೇಡಿ.

ಹಂತ 5: ತಂತಿ

ಎಳೆಯ ಮರದ ಕೊಂಬೆ ಆಕಾಶಕ್ಕೆ ಏಳುತ್ತದೆ, ಹಳೆಯ ಮರದ ಕೊಂಬೆ ತನ್ನ ಭಾರಕ್ಕೂ ವರ್ಷವರ್ಷದ ಹಿಮದ ಭಾರಕ್ಕೂ ಕೆಳಗಿಳಿಯುತ್ತದೆ. ಒಂದೂವರೆ ಅಡಿಯ ಮರಕ್ಕೆ ಮುದಿತನ ಬರಿಸಬೇಕಾದರೆ ಹಿಮ ಮಾಡುವ ಕೆಲಸವನ್ನು ತಂತಿ ಮಾಡಬೇಕು. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ತಾಮ್ರದ ತಂತಿ ಆರಿಸಿ. ಬೆಂಕಿಯಲ್ಲಿ ಕಾಯಿಸಿ ಮೆತ್ತಗೆ ಮಾಡಿದ ತಂತಿ ಅದು. ಒಮ್ಮೆ ಬಗ್ಗಿದ ಕೂಡಲೇ ಗಟ್ಟಿಯಾಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಸರಿಯಾಗಿ ಸುತ್ತಬೇಕು. ಕಾಂಡಕ್ಕೆ ಒಂದು ಸುತ್ತು ಕೊಟ್ಟು ಅಲ್ಲಿಂದ ಎರಡು ಕೊಂಬೆಗೆ ಒಂದೇ ತಂತಿ ಹಂಚಿ, 45 ಡಿಗ್ರಿ ಓರೆಯಲ್ಲಿ. ಸೂಜಿಗಳನ್ನು ತಂತಿಯ ಕೆಳಗೆ ಸಿಕ್ಕಿಸಬೇಡಿ. ಮಲ್ಲಿಗೆ ದಂಡೆ ಕಟ್ಟುವವರ ಬೆರಳು ಬೇಕು ಇದಕ್ಕೆ. ನನ್ನ ಬೆರಳು ಮೂಟೆ ಹೊಲಿಯುವವರದು.

ಆಮೇಲೆ ಬಗ್ಗಿಸುವುದು. ಎರಡೂ ಹೆಬ್ಬೆರಳುಗಳನ್ನು ಬಳುಕಿನ ಒಳಗೆ ಊರಿ, ಉಸಿರು ಬಿಡುತ್ತ ಬಿಡುತ್ತ. ದಪ್ಪ ಕೊಂಬೆಗೆ ಮೊದಲು ನೆನೆಸಿದ ರಫಿಯಾ ಸುತ್ತಿ. ಹಿಮಗಟ್ಟಿದ ಬೆಳಿಗ್ಗೆ ಬಗ್ಗಿಸಬೇಡಿ, ಕೊಂಬೆ ಕಡ್ಡಿಪುಡಿಯಾಗುತ್ತದೆ. 'ಟಿಕ್' ಎಂಬ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಲೇಪ ಹಚ್ಚಿ, ಸುಮ್ಮನಿರಿ. 'ಟಕ್' ಎಂಬ ಸದ್ದು ಬಂದರೆ ಹಂತ 4ರ ಕೊನೆಯ ಪ್ಯಾರಾ ನೋಡಿ.

ತಂತಿ ಸುತ್ತಿದ ಮರವನ್ನು ನೋಡಿ ನನ್ನ ಹೆಂಡತಿ, "ಹೈಸ್ಕೂಲ್ ಹುಡುಗಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿದ ಹಾಗಿದೆ" ಎಂದಳು. ಸರಿಯಾಗಿಯೇ ಹೇಳಿದಳು. ಕ್ಲಿಪ್ಪಿನಂತೆಯೇ ಇದನ್ನೂ ಮರೆಯಬಾರದು. ಕೊಂಬೆ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿಯುತ್ತದೆ, ಆ ಕಲೆ ವರ್ಷಗಟ್ಟಲೆ ಹೋಗುವುದಿಲ್ಲ. ಕಚ್ಚತೊಡಗಿತೆಂದು ಕಂಡ ದಿನವೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ. ತಾಮ್ರದ ರೇಟು ನೆನಪಿಸಿಕೊಂಡು ಬಿಚ್ಚಿ ಸುತ್ತಿಡಲು ಹೋಗಬೇಡಿ. ಬಿಚ್ಚುವಾಗ ಮುರಿಯುವ ಕೊಂಬೆಗೆ ರೇಟಿಲ್ಲ.

ಇಷ್ಟು ಮಾಡಿದ ವರ್ಷ ಕುಂಡ ಬದಲಿಸುವ ಕೆಲಸ ಇಟ್ಟುಕೊಳ್ಳಬೇಡಿ. ಒಬ್ಬನೇ ರೋಗಿಗೆ ಎರಡು ಆಪರೇಷನ್ ಒಟ್ಟಿಗೆ ಮಾಡಿದಂತಾಗುತ್ತದೆ.

ತೊಂದರೆಗಳು ಮತ್ತು ಪರಿಹಾರ

ಮರದ ಕೆಳಗಿನ ಒಳಗಿನ ಸೂಜಿ ಹಳದಿಯಾಗಿದೆ: ಹಂತ 2ರಲ್ಲಿ ಕೀಳಲು ಮರೆತದ್ದು. ಪರವಾಗಿಲ್ಲ.

ಬೇರಿನ ಬಳಿ ಬಿಳಿ ಬೂಷ್ಟು ಕಾಣುತ್ತಿದೆ: ಅಭಿನಂದನೆ. ಅದು ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರ, ಪೈನಿಗೆ ಬೇಕಾದದ್ದು. ತೊಳೆಯಬೇಡಿ. ನಮ್ಮ ಅತ್ತೆಯವರು ಬಂದಿದ್ದಾಗ ತೊಳೆದಿದ್ದರು.

ಮಣ್ಣು ಹಿಮಗಟ್ಟಿದೆ, ಜೊತೆಗೆ ಒಣ ಗಾಳಿ ಬೀಸುತ್ತಿದೆ: ಇದು ಮಾತ್ರ ನಿಜಕ್ಕೂ ಅಪಾಯ. ಇಲ್ಲಿನ ಚಳಿಗಾಲ ತೇವವಿಲ್ಲದ್ದು. ಸೂಜಿಗಳು ನೀರು ಕಳೆದುಕೊಳ್ಳುತ್ತಲೇ ಇರುತ್ತವೆ, ಹೆಪ್ಪುಗಟ್ಟಿದ ಬೇರು ಕೊಡಲಾರದು. ಗೋಡೆಯ ಮರೆಗೆ ಸರಿಸಿ. ನೀರನ್ನು ಬೆಳಿಗ್ಗೆ ಬಿಸಿಲು ಬಂದ ಮೇಲೆ ಹಾಕಿ, ಸಂಜೆ ಬೇಡ. ಎರಡು ದಿನಕ್ಕೋ ಮೂರು ದಿನಕ್ಕೋ ಎಂದು ಕ್ಯಾಲೆಂಡರ್ ನೋಡಬೇಡಿ, ಮಣ್ಣು ನೋಡಿ. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಎಂಬ ಮಾತು ಇಲ್ಲಿನ ತೋಟಗಳಲ್ಲಿದೆ. "ಮತ್ತೇನೈತಿ ಅದರಾಗ" ಎಂದು ಕೇಳಿದಿರಲ್ಲ, ಮೊದಲ ಮೂರು ವರ್ಷ ಅದೇ ಇದೆ.

ಮರ ಸತ್ತಿದೆಯೋ ಬದುಕಿದೆಯೋ ಗೊತ್ತಾಗುತ್ತಿಲ್ಲ: ಯಾರಿಗೂ ಗೊತ್ತಾಗುವುದಿಲ್ಲ. ಪೈನ್ ಸತ್ತ ಮೇಲೂ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಹಸಿರಾಗಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ಮೊಗ್ಗು ಉದ್ದವಾದರೆ ಬದುಕಿದೆ. ಅಲ್ಲಿಯವರೆಗೆ ನೀರು ಹಾಕುತ್ತಿರಿ.

ಹೀಟರ್ ಕೆಟ್ಟು ಮನೆಯಲ್ಲಿ ಬೇರೆ ಉರುವಲಿಲ್ಲ: ಇದಕ್ಕೂ ಪೂರ್ವೋದಾಹರಣೆಯಿದೆ. 'ಹಚಿ ನೊ ಕಿ' ಎಂಬ, 'ನೋ' ಶೈಲಿಯ ಹಳೆಯ ಜಪಾನಿ ನಾಟಕದಲ್ಲಿ ಸಾನೊ ಊರಿನ ಬಡ ಸಮುರಾಯಿಯ ಗುಡಿಸಲಿಗೆ ಹಿಮ ಸುರಿಯುವ ರಾತ್ರಿ ಒಬ್ಬ ಸನ್ಯಾಸಿ ಬರುತ್ತಾನೆ. ಒಲೆಗೆ ಕಟ್ಟಿಗೆಯಿಲ್ಲ. ಆಸ್ತಿಯೆಂದು ಉಳಿದದ್ದು ಮೂರು ಕುಂಡದ ಗಿಡ: ಪ್ಲಮ್, ಚೆರ್ರಿ, ಪೈನ್. ಮೂರನ್ನೂ ಕಡಿದು ಅತಿಥಿಗೆ ಬೆಂಕಿ ಕಾಯಿಸುತ್ತಾನೆ. ಸನ್ಯಾಸಿ ವೇಷದಲ್ಲಿದ್ದವನು ದೇಶ ಆಳಿದ ಹೋಜೊ ತೊಕಿಯೊರಿ. ಆಮೇಲೆ ಆ ಮೂರು ಮರಗಳ ಹೆಸರು ಹೊತ್ತ ಮೂರು ಊರುಗಳನ್ನು ಉಂಬಳಿ ಕೊಡುತ್ತಾನೆ. ನಿಮ್ಮ ಮನೆಗೆ ಬರುವ ಅತಿಥಿ ಬಹುಶಃ ನಮ್ಮ ಮ್ಯಾನೇಜರು. ಕಂಬಳಿ ಕೊಡಿ, ಸಾಕು.

ವಾರಂಟಿ

ಮರಕ್ಕೆ ಇದೆ, ನಿಮಗೆ ಇಲ್ಲ. ಟೋಕಿಯೊ ಅರಮನೆಯಲ್ಲಿ ಮೂರನೆಯ ಶೋಗನ್ ತೊಕುಗಾವಾ ಇಯೆಮಿತ್ಸು ನೋಡಿಕೊಳ್ಳುತ್ತಿದ್ದನೆನ್ನುವ ಬಿಳಿ ಪೈನ್ ಇನ್ನೂ ಕುಂಡದಲ್ಲಿದೆ. ಆತ ಸತ್ತದ್ದು 1651ರಲ್ಲಿ. ಹಿರೊಶಿಮಾದ ಯಾಮಾಕಿ ಮನೆತನದ ಬಿಳಿ ಪೈನ್ 1625ರಿಂದ ಬೆಳೆಸಿಕೊಂಡು ಬಂದದ್ದೆನ್ನುತ್ತಾರೆ. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಅವರ ತೋಟಕ್ಕೆ ಮೂರು ಕಿಲೋಮೀಟರ್ ಚಿಲ್ಲರೆ ದೂರ. ಮನೆಯ ಗಾಜು ಒಡೆದು ಒಳಗಿದ್ದವರಿಗೆ ಚುಚ್ಚಿತು, ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಅಮೆರಿಕದ ಇನ್ನೂರನೆಯ ವರ್ಷಕ್ಕೆಂದು ಜಪಾನ್ 53 ಬೊನ್ಸಾಯ್ ಉಡುಗೊರೆ ಕೊಟ್ಟಾಗ ಮಸಾರು ಯಾಮಾಕಿ ಈ ಮರವನ್ನೂ ಕೊಟ್ಟರು. 2001ರಲ್ಲಿ ಮೊಮ್ಮಕ್ಕಳು ವಾಷಿಂಗ್ಟನ್‌ಗೆ ಹೋಗಿ ಮರ ನೋಡಿ ಕಥೆ ಹೇಳುವವರೆಗೆ ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಅದು ಬಾಂಬು ಕಂಡ ಮರವೆಂಬುದೇ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷ ಅವರು ಸುಮ್ಮನೆ ನೀರು ಹಾಕಿ ಸೂಜಿ ಕೀಳುತ್ತಿದ್ದರು.

ಹಸ್ತಾಂತರ

ಮಾರ್ಚಿನ ಮೊದಲ ಶನಿವಾರ ಬನ್ನಿ. ಕಾರು ಯಾರದಾದರೂ ತೆಗೆದುಕೊಂಡು ಬನ್ನಿ, ರೈಲು ಬೇಡ. ಮರ ಮುಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿ. ನಿಮ್ಮ ಮನೆಯವರು ಹಿಂದೆ ಕೂರಲು ಒಪ್ಪಬೇಕು, ಮೊದಲೇ ಹೇಳಿಡಿ.

ಕೊನೆಯದಾಗಿ ಮುಖದ ವಿಷಯ. ನಾನು ಹೊಸ ದಿಕ್ಕಿನ ಫೋಟೊ ಕಳಿಸಿದ್ದೆನಲ್ಲ, ಅದಕ್ಕೆ ಉತ್ತರ ಮುಂದಿನ ಜನವರಿಯಲ್ಲಿ ಬಂತು. "ಹೊಸ ಮುಖ ಚೆನ್ನಾಗಿದೆ. ಹಳೆಯದರ ಹಿಂದಿನದನ್ನೂ ನೋಡಿ." ಕಾರ್ಡ್ ಹಿಡಿದುಕೊಂಡೇ ಹೊರಗೆ ಹೋಗಿ ಕುಂಡವನ್ನು ಇನ್ನೊಂದು ಕಾಲಿನಷ್ಟು ತಿರುಗಿಸಿ ಕೂತೆ. ಮೊದಲ ಕೊಂಬೆಯ ಸ್ವಲ್ಪ ಮೇಲೆ, ತೊಗಟೆಯ ಹಲ್ಲೆಗಳ ನಡುವೆ, ತುಟಿ ಒತ್ತಿ ಹಿಡಿದಂತೆ ಒಂದು ಹಳೆಯ ಗಾಯ. ಅದೂ ಮಾತಾಕಿರಿಯದೇ. ಅದೂ ಅಗುಳಿಯೆಂದು ತಿಳಿದೇ ಕತ್ತರಿಸಿದ್ದಿರಬೇಕು. ಅಜ್ಜ ಮರವನ್ನು ನಮ್ಮ ಮೆಟ್ಟಿಲ ಮೇಲೆ ಇಟ್ಟದ್ದೇ ಎರಡನೆಯ ಮುಖದಲ್ಲಿ.

ಹಾಗಾಗಿ ನಿಮ್ಮ ಕೈಗೆ ಬರುತ್ತಿರುವುದು ಮೂರನೆಯ ಮುಖ, ಮೂರನೆಯ ಕಾಲು. ನೀವು ಕತ್ತರಿಸಿದ ಮೇಲೆ ಕುಂಡ ಮತ್ತೆ ಮೊದಲ ಕಾಲಿಗೆ ತಿರುಗಬೇಕು. ಅಜ್ಜನ ಗಾಯ ಮುಚ್ಚಿಕೊಂಡು ಬರುತ್ತಿದೆ, ಹೋದ ವಾರ ನೋಡಿದೆ. ಇನ್ನೂ ಕಿರುಬೆರಳಿನ ಉಗುರಿನಷ್ಟು ತೆರೆದಿದೆ. ಅದು ಮುಚ್ಚುವವರೆಗಾದರೂ ಕತ್ತರಿ ಕೆಳಗಿಡಿ.